ಬಾಲ ಕುಣಿಸುವ ಹಕ್ಕಿಯ ಹಿಂದೆ ಮೂರು ಬೆಳಗು

ಸಂಕ್ರಾಂತಿ ವಾರದಲ್ಲಿ ನನಗೆ ಮೂರು ದಿನ ರಜೆ ಸಿಕ್ಕಿತ್ತು. ಊರಿಗೆ ಹೋಗೋಣವೆಂದರೆ ಬಸ್ಸೆಲ್ಲ ಫುಲ್. ಮನೆಯಲ್ಲೇ ಅವರೆಕಾಳು ಸುಲಿಯುತ್ತಾ ಕೂರೋಣ ಅಂತಿದ್ದೆ. ಅಕ್ಕನ ಮಗಳು ಪುಟ್ಟಿ ಬಿಡಲಿಲ್ಲ. "ಚಿಕ್ಕಮ್ಮ, ಜನವರಿಯಲ್ಲಿ ಕೆರೆ ಹಕ್ಕಿಗಳ ಗಣತಿ ಇರುತ್ತೆ. ನಾನು ಎಣಿಸುವಾಗ ಬರೆದುಕೊಳ್ಳೋಕೆ ಒಬ್ಬರು ಬೇಕು. ಮೂರು ದಿನ ನಂಜೊತೆ ಬಾ, ಕಲಿಸ್ತೀನಿ" ಅಂದಳು. 1987ರಲ್ಲಿ ಶುರುವಾದ ಈ ಗಣತಿ ಈಗ ಏಷ್ಯಾದ ಉದ್ದಗಲಕ್ಕೂ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ನಮ್ಮಂಥವರೇ ಹೋಗಿ ಎಣಿಸುವುದು.

ನನಗೆ ಗೊತ್ತಿದ್ದ ನೀರುಹಕ್ಕಿಗಳು ಮೂರೇ. ಬಿಳಿ ಇದ್ದರೆ ಕೊಕ್ಕರೆ, ಕಪ್ಪಿದ್ದರೆ ನೀರುಕಾಗೆ, ತೇಲುತ್ತಿದ್ದರೆ ಬಾತುಕೋಳಿ. ಪುಟ್ಟಿಗೆ ಇದನ್ನು ಹೇಳಿದಾಗ ಅವಳು ನಗಲಿಲ್ಲ. ಅದೇ ಸ್ವಲ್ಪ ಭಯ ಹುಟ್ಟಿಸಿತು.

ಮೊದಲ ದಿನ: ಜಕ್ಕೂರು

ಬಸವೇಶ್ವರನಗರದಿಂದ ಸ್ಕೂಟರಿನಲ್ಲಿ ಹೊರಟಾಗ ಇನ್ನೂ ಕತ್ತಲು. ಹೆಬ್ಬಾಳದ ಫ್ಲೈಓವರ್ ಮೇಲೆ ಗಾಳಿ ಕಿವಿ ಕತ್ತರಿಸುವ ಹಾಗಿತ್ತು. ಬೆಂಗಳೂರಿನ ಚಳಿ ಕಡಿಮೆಯಾಗಿದೆ ಅನ್ನುವವರು ಜನವರಿಯಲ್ಲಿ ಆರು ಗಂಟೆಗೆ ಒಮ್ಮೆ ಆ ಫ್ಲೈಓವರ್ ಹತ್ತಬೇಕು.

ಜಕ್ಕೂರು ಕೆರೆಯ ದಡದಲ್ಲಿ ವಾಕಿಂಗ್‌ನವರು ಆಗಲೇ ಎರಡನೇ ಸುತ್ತಿನಲ್ಲಿದ್ದರು. ಪುಟ್ಟಿ ನನ್ನ ಕೈಗೆ ತನ್ನ ಹಳೇ ಬೈನಾಕ್ಯುಲರ್ ಕೊಟ್ಟಳು. ಕಣ್ಣಿಗಿಟ್ಟೆ. ಸುತ್ತ ಕಪ್ಪು, ನಡುವೆ ರೂಪಾಯಿ ಅಗಲದ ಬೆಳಕು, ಅದರಲ್ಲಿ ಏನೂ ಇಲ್ಲ. ಹತ್ತು ನಿಮಿಷ ಹಾಗೇ ಒದ್ದಾಡಿ, ಕೊನೆಗೆ "ಇದು ಕೆಟ್ಟಿದೆ ಕಣೇ" ಅಂದೆ. ಅವಳು ತಿರುಗಿ ನನ್ನ ಮುಖ ನೋಡಿದಳು. "ಕನ್ನಡಕ ಹಾಕ್ಕೊಂಡಿದೀಯಲ್ಲ!" ಅನ್ನುತ್ತಾ ಕಣ್ಣಿನ ಕಡೆಯ ರಬ್ಬರ್ ಬಳೆಗಳನ್ನು ಒಳಕ್ಕೆ ತಿರುಗಿಸಿದಳು. ಅಷ್ಟೇ. ಇಡೀ ಕೆರೆ ಒಮ್ಮೆಲೇ ಕಣ್ಣೆದುರು ಬಂತು. ಕನ್ನಡಕ ಇರುವವರಿಗೆ ಇದನ್ನು ಮೊದಲೇ ಹೇಳಬಾರದೇ? ಇನ್ನೊಂದು ಉಪಾಯವನ್ನೂ ಆಗ ಕಲಿತೆ. ಬೈನಾಕ್ಯುಲರ್ ಹಿಡಿದು ಹಕ್ಕಿ ಹುಡುಕಬಾರದು. ಬರಿಗಣ್ಣಲ್ಲಿ ಹಕ್ಕಿಯನ್ನು ಹಿಡಿದಿಟ್ಟುಕೊಂಡು, ನೋಟ ಅಲ್ಲಾಡಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತರಬೇಕು.

ನೀರು ಒಳಗೆ ಬರುವ ಕಡೆಗೆ ಹೋದೆವು. ಜಕ್ಕೂರಿಗೆ ಬರುವುದು ಬಹುಪಾಲು ಕೊಳಚೆ ನೀರೇ. ಆದರೆ ಅದು ಶುದ್ಧೀಕರಣ ಘಟಕದಲ್ಲಿ ಸೋಸಿ, ಆಪು ಹುಲ್ಲು ಬೆಳೆದ ಜೌಗಿನಲ್ಲಿ ನಿಧಾನಕ್ಕೆ ಹರಿದು, ಆಮೇಲೆ ಕೆರೆ ಸೇರುತ್ತದೆ. ಅಲ್ಲಿ ಹೆಜ್ಜಾರ್ಲೆಗಳು ಗುಂಪಾಗಿ ತೇಲುತ್ತಿದ್ದವು. ಕೊಕ್ಕಿನಡಿಯ ಚೀಲ ನೇತಾಡಿಸಿಕೊಂಡು ಮದುವೆಮನೆಯ ಹಿರಿಯರ ಹಾಗೆ. ನಾನು ಬಾಯಿಬಿಟ್ಟುಕೊಂಡು ನೋಡುತ್ತಿದ್ದರೆ ಪುಟ್ಟಿ ಭುಜ ಹಿಡಿದು ತಿರುಗಿಸಿದಳು. "ಅದನ್ನ ಯಾರು ಬೇಕಾದ್ರೂ ಗುರುತಿಸ್ತಾರೆ. ಇವತ್ತು ನಿನಗೆ ಒಂದೇ ಹಕ್ಕಿ. ಅಗೋ, ಆ ಕಲ್ಲಿನ ಮೇಲೆ."

ಕಲ್ಲಿನ ಮೇಲೆ ಏನೋ ಬಾಲ ಅಲ್ಲಾಡಿಸುತ್ತಿತ್ತು. ಕಪ್ಪು ಬಿಳುಪು, ತೆಳ್ಳಗಿನ ಉದ್ದ ಬಾಲ. "ಸಿಕ್ತು" ಅಂದೆ. "ಅದು ಸಿಪಿಲೆ. ಅದರ ಪಕ್ಕದ ಕಲ್ಲು" ಅಂದಳು.

ಪಕ್ಕದ ಕಲ್ಲಿನಲ್ಲಿ ಏನೂ ಇರಲಿಲ್ಲ. ಆಮೇಲೆ ಕಲ್ಲೇ ಅಲ್ಲಾಡಿತು. ಮೈನಾದಷ್ಟೂ ಇಲ್ಲದ, ಒಣಮಣ್ಣಿನ ಬಣ್ಣದ ಒಂದು ಹಕ್ಕಿ. ಕಾಮನ್ ಸ್ಯಾಂಡ್‌ಪೈಪರ್. ಕನ್ನಡದಲ್ಲಿ ಈ ಜಾತಿಯವಕ್ಕೆಲ್ಲ ಗೊರವ ಅನ್ನುತ್ತಾರೆ. ಸಿಪಿಲೆ ಬರೀ ಬಾಲ ಆಡಿಸುತ್ತದೆ. ಇದು ಸೊಂಟದಿಂದ ಹಿಂದಿನ ಅರ್ಧ ಮೈಯನ್ನೇ ಮೇಲೆ ಕೆಳಗೆ ತೂಗುತ್ತದೆ. ಹಳೇ ಹೊಲಿಗೆ ಮಿಷನ್ನಿನ ಪೆಡಲ್ ಹಾಗೆ. ನಡೆದಾಗಲೂ ತೂಗು, ನಿಂತಾಗಲೂ ತೂಗು. ಸುಮಾರು ಮುಕ್ಕಾಲು ಗಂಟೆ ನಾನು ಅದೊಂದನ್ನೇ ನೋಡಿದೆ. ಮೊದಲ ಐದು ನಿಮಿಷ ಬೇಜಾರು. ಆಮೇಲೆ ಒಂದೊಂದೇ ಕಾಣಿಸತೊಡಗಿತು. ಎದೆಯ ಎರಡೂ ಬದಿಗೆ ಕಂದು ಬಣ್ಣ ಇಳಿದಿದೆ. ಆ ಕಂದಿಗೂ ರೆಕ್ಕೆಗೂ ನಡುವೆ ಹೊಟ್ಟೆಯ ಬಿಳಿ ಒಂದು ಬೆರಳಿನ ಹಾಗೆ ಮೇಲಕ್ಕೆ ನುಗ್ಗಿದೆ, ತೋಳಿಲ್ಲದ ಬನಿಯನ್ ಹಾಕಿದ ಹಾಗೆ. ಹಾರಿದಾಗ ನೀರಿಗೆ ತಾಗುವಷ್ಟು ಕೆಳಗೆ. ರೆಕ್ಕೆ ಪೂರ್ತಿ ಬಡಿಯುವುದೇ ಇಲ್ಲ. ಸ್ವಲ್ಪ ನಡುಗಿಸುವುದು, ತೇಲುವುದು, ಮತ್ತೆ ನಡುಗಿಸುವುದು. ರೆಕ್ಕೆಯಲ್ಲಿ ಬಿಳಿ ಪಟ್ಟೆ ಇದೆ, ಬೆನ್ನ ಕೆಳಗೆ ಬಿಳಿ ಇಲ್ಲ. "ಬೆನ್ನ ಕೆಳಗೆ ಬಿಳಿ ಇಲ್ಲ ಅನ್ನೋದನ್ನ ಮರೀಬೇಡ, ನಾಡಿದ್ದು ಕೇಳ್ತೀನಿ" ಅಂದಳು ಪುಟ್ಟಿ.

ಬಲೆ ಬಿಡಿಸುತ್ತಾ ಕೂತಿದ್ದ ಮೀನಿನವರೊಬ್ಬರು ನಮ್ಮನ್ನು ಆಗಿನಿಂದ ಗಮನಿಸುತ್ತಿದ್ದರು. "ಏನ್ ಮೇಡಂ, ಅಷ್ಟೊತ್ತಿಂದ ಅದೊಂದನ್ನೇ ನೋಡ್ತಿದೀರಿ?" ಅಂದರು. ಕಲಿಯುತ್ತಿದ್ದೇನೆ ಅಂದೆ. "ಅದಾ? ಈ ಕಲ್ಲಿಂದ ಆ ತೂಬಿನ ತನಕ ಅದರದ್ದೇ ಏರಿಯಾ. ಇನ್ನೊಂದು ಬಂದ್ರೆ ಅಟ್ಟಿಸ್ಕೊಂಡು ಹೋಗ್ತದೆ. ಬೇಸಿಗೇಲಿ ಎಲ್ಲೋ ಹೊಂಟೋಗ್ತದೆ. ಗಣೇಶನ ಹಬ್ಬದ ಹೊತ್ತಿಗೆ ವಾಪಸ್ಸು, ಇದೇ ಕಲ್ಲು." ಹಿಮಾಲಯದಲ್ಲೂ ಅದರಾಚೆಯ ತಣ್ಣನೆಯ ನಾಡುಗಳಲ್ಲೂ ಮರಿ ಮಾಡುವ ಹಕ್ಕಿ ಇದು, ಆಗಸ್ಟಿಗೇ ಇಳಿದು ಬರುತ್ತದೆ ಅಂತ ಪುಟ್ಟಿ ಹೇಳಿದಳು. ಮೀನಿನವರಿಗೆ ಹಿಮಾಲಯದ ಸುದ್ದಿ ಅಷ್ಟೇನೂ ಹಿಡಿಸಲಿಲ್ಲ. "ಎಲ್ಲಿಂದಾದ್ರೂ ಬರ್ಲಿ, ನಮ್ ಮೀನಿಗೆ ಬಾಯಿ ಹಾಕಲ್ಲ" ಅಂದರು. ಅದು ತಿನ್ನುವುದು ದಡದ ಹುಳುಹುಪ್ಪಟೆ. ಅವರ ಸಿಟ್ಟೆಲ್ಲ ಹೆಜ್ಜಾರ್ಲೆ ಮೇಲೆ.

ವಾಪಸ್ಸು ಬರುವಾಗ ಒಂದು ದರ್ಶಿನಿಯಲ್ಲಿ ಅವರೆಕಾಳು ಉಪ್ಪಿಟ್ಟು ತಿಂದೆವು. ಮೇಲೆ ಕೊಬ್ಬರಿ, ಕೊತ್ತಂಬರಿ, ಬಿಸಿ. ಒಂದು ಪ್ಲೇಟಿಗೆ ನಿಲ್ಲುವುದು ಕಷ್ಟ.

ಎರಡನೇ ದಿನ: ಹೊಸಕೋಟೆ

ವಿಜಯನಗರದಿಂದ ಬೆಳಗಿನ ಮೊದಲ ಮೆಟ್ರೊ, ಕಾಡುಗೋಡಿಯಲ್ಲಿ ಇಳಿದು ಆಟೊ. ಆಟೊದವರು ನಮ್ಮನ್ನು ನೋಡಿದ ಕೂಡಲೇ "ಬಿರಿಯಾನಿಗಾ ಮೇಡಂ? ಈಗ ದೊಡ್ಡ ಕ್ಯೂ ಇರುತ್ತೆ" ಅಂದರು. ಆ ಹೊತ್ತಿನಲ್ಲಿ ಹೊಸಕೋಟೆಗೆ ಹೋಗುವ ಬೆಂಗಳೂರಿನವರಿಗೆ ಬೇರೆ ಕೆಲಸ ಇರುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೇ ದಮ್ ಬಿರಿಯಾನಿ ಹಂಡೆ ತೆಗೆಯುತ್ತಾರೆ. ಹಕ್ಕಿ ನೋಡಲಿಕ್ಕೆ ಅಂದಾಗ ಅವರು ಕನ್ನಡಿಯಲ್ಲಿ ಇನ್ನೊಂದು ಸಲ ನಮ್ಮನ್ನು ನೋಡಿದರು.

ದಕ್ಷಿಣ ಪಿನಾಕಿನಿಯ ನೀರಿನ ದೊಡ್ಡ ಕೆರೆ ಅದು. ಆಚೆ ದಡ ಮಂಜಿನಲ್ಲಿ ಇರಲೇ ಇಲ್ಲ. ಇಲ್ಲಿ ನಾವೊಂದು ತಪ್ಪು ಮಾಡಿದೆವು, ಅಂದರೆ ನಾನು ಮಾಡಿದೆ. ಪುಟ್ಟಿ ಆಚೆ ಕಡೆಗೆ ಹೋಗೋಣ ಅಂದರೂ, ಟೀ ಅಂಗಡಿ ಕಂಡಿತೆಂದು ಈಚೆಗೇ ಇಳಿಸಿದೆ. ಟೀ ಚೆನ್ನಾಗಿತ್ತು. ಆದರೆ ಸೂರ್ಯ ಹುಟ್ಟಿದ್ದು ನಮ್ಮ ಎದುರಿಗೆ! ನೀರೆಲ್ಲ ಬೆಳ್ಳಿ ತಗಡು, ಅದರ ಮೇಲೆ ನೂರಾರು ಕಪ್ಪು ಚುಕ್ಕಿಗಳು. ಬೆಳಿಗ್ಗೆ ಕೆರೆಗೆ ಹೋದರೆ ಬಿಸಿಲು ಬೆನ್ನಿಗಿರಬೇಕು ಅನ್ನುವುದು ಮೊದಲ ಪಾಠವಂತೆ. ನನಗೆ ಟೀ ಕುಡಿದ ಮೇಲೆ ತಿಳಿಯಿತು.

ಪುಟ್ಟಿಗೆ ಸಿಟ್ಟು ಬಂದಿತ್ತು, ತೋರಿಸಲಿಲ್ಲ. "ಸರಿ, ಬಣ್ಣ ಇಲ್ಲದೇ ನೋಡೋಣ ಬಿಡು" ಅಂದಳು. ಈಗ ಯೋಚಿಸಿದರೆ ಆ ಮೂರು ದಿನದಲ್ಲಿ ನಾನು ನಿಜವಾಗಿ ಏನಾದರೂ ಕಲಿತದ್ದು ಆ ಒಂದು ಗಂಟೆಯಲ್ಲಿ. ಅಲ್ಲಿಯವರೆಗೂ ನನ್ನ ತಲೆಯಲ್ಲಿ ಹಕ್ಕಿ ಅಂದರೆ ಬಣ್ಣ. ಬಣ್ಣ ತೆಗೆದುಬಿಟ್ಟರೆ ಉಳಿಯುವುದು ಏನು? ನೀರಿನಲ್ಲಿ ಎಷ್ಟು ಮುಳುಗಿ ಕೂತಿದೆ, ಕತ್ತು ಎಲ್ಲಿ, ಬಾಲ ಎಲ್ಲಿ, ಏನು ಮಾಡುತ್ತಿದೆ.

"ಆ ದುಂಡಗಿರೋದು?" ಅಂದಳು. ಬಾತು ಅಂದೆ. "ಬಾತು ಅಲ್ಲ. ಬೆನ್ನು ಗುಂಡಗೆ, ಹಿಂಭಾಗ ಇಳಿಜಾರು, ಈಜುವಾಗ ಕೋಳಿ ಥರ ತಲೆ ಮುಂದೆ ಹಿಂದೆ. ನಾಮದ ಕೋಳಿ." ಹತ್ತಿರ ಬಂದಾಗ ನೋಡಿದರೆ ಹಣೆ ಮೇಲೆ ಬೆಳ್ಳಗೆ ನಾಮ ಎದ್ದು ಕಂಡಿತು. "ಈ ಸಣ್ಣದು?" ಬಾತು ಮರಿ ಅಂದೆ. ಹೇಳುವಷ್ಟರಲ್ಲಿ ಅದು ಮಾಯ. ಇನ್ನೆಲ್ಲೋ ಎದ್ದಿತು. ಬಾಲವೇ ಇಲ್ಲದ ಹತ್ತಿಯುಂಡೆ. ಗುಳುಮುಳುಕ. ಅದೂ ಬಾತು ಅಲ್ಲ. "ಆ ಉದ್ದ ಕತ್ತಿನದು?" ಈ ಸಲ ಹುಷಾರಾಗಿ, ಬಾತು ಅಲ್ಲ ಅಂದೆ. ಅದು ಬಾತು. ಪಿನ್‌ಟೇಲ್, ಕತ್ತು ತೆಳ್ಳಗೆ, ಬಾಲ ಸೂಜಿಯ ಹಾಗೆ ಮೇಲಕ್ಕೆ.

ಬಾತುಗಳಲ್ಲಿ ನನಗೆ ತುಂಬಾ ಹಿಡಿಸಿದ್ದು ಶೊವೆಲರ್. ಕಪ್ಪು ಚುಕ್ಕಿಯಾಗಿದ್ದಾಗಲೂ ಗೊತ್ತಾಗುತ್ತದೆ. ಮುಂಭಾರ ಜಾಸ್ತಿಯಾದ ಗಾಡಿಯ ಹಾಗೆ ಮೂತಿ ನೀರಿಗೆ ಬಾಗಿರುತ್ತದೆ. ಕೊಕ್ಕು ಅಷ್ಟು ದೊಡ್ಡದು, ತುದಿಯಲ್ಲಿ ಗಾರೆಯವನ ಕರಣೆಯಂತೆ ಅಗಲ. ಹತ್ತು ಹನ್ನೆರಡು ಹಕ್ಕಿಗಳು ಒಂದರ ಬಾಲಕ್ಕೆ ಇನ್ನೊಂದು ಮೂತಿ ಇಟ್ಟು ಗಾಣ ಸುತ್ತಿದ ಹಾಗೆ ಸುತ್ತುತ್ತಿದ್ದವು. ಸುತ್ತಿದಾಗ ಕೆಳಗಿನದೆಲ್ಲ ಮೇಲೆ ಬರುತ್ತದೆ, ಕೊಕ್ಕಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿವೆ, ಅದರಲ್ಲಿ ಸೋಸಿಕೊಂಡು ತಿನ್ನುತ್ತವೆ. ಅಕ್ಕಿ ಗಾಳಿಸುವವರ ಹಾಗೆ. ನಾವು ನೋಡುತ್ತಿದ್ದಷ್ಟು ಹೊತ್ತೂ ಒಂದೂ ತಲೆ ಎತ್ತಲಿಲ್ಲ.

ಒಂಬತ್ತರ ಹೊತ್ತಿಗೆ ಆಚೆ ದಡಕ್ಕೆ ಹೋದೆವು. ಈಗ ಬಣ್ಣ ಬಂತು. ಬಂದದ್ದೇ ಗೊಂದಲ ಜಾಸ್ತಿಯಾಯಿತು. ಚುಕ್ಕಿಕೊಕ್ಕಿನ ಬಾತು ಮಾತ್ರ ಸುಲಭ. ಕಪ್ಪು ಕೊಕ್ಕಿನ ತುದಿಯನ್ನು ಅರಿಶಿನದಲ್ಲಿ ಅದ್ದಿ ತೆಗೆದ ಹಾಗಿರುತ್ತದೆ, ದೂರದಿಂದಲೂ ಕಾಣುತ್ತದೆ. ಅದು ನಮ್ಮಲ್ಲೇ ಇರುವ ಹಕ್ಕಿ, ಗಂಡು ಹೆಣ್ಣು ಒಂದೇ ಥರ. ತೊಂದರೆ ಕೊಟ್ಟದ್ದು ಗಾರ್ಗನಿ. ಪುಸ್ತಕದ ಚಿತ್ರದಲ್ಲಿ ಗಂಡಿಗೆ ಕಣ್ಣಿನ ಮೇಲೆ ಬಿಳಿ ಹುಬ್ಬು, ಮದುಮಗನ ಬಾಸಿಂಗದಷ್ಟು ಠೀವಿ. ಇಲ್ಲಿ ನೋಡಿದರೆ ಬಹಳಷ್ಟು ಮಾಸಲು ಕಂದು. "ಎಲ್ಲ ಹೆಣ್ಣೇನೇ?" ಅಂದೆ. ಅಲ್ಲವಂತೆ. ಮರಿ ಮಾಡುವ ಕಾಲ ಮುಗಿದ ಮೇಲೆ ಗಂಡುಗಳು ಆ ಉಡುಪು ಕಳಚಿ ಹೆಣ್ಣಿನ ಹಾಗೇ ಕಾಣುತ್ತವೆ. ಗಾರ್ಗನಿ ಗಂಡಂತೂ ಚಳಿಗಾಲದ ಬಹುಪಾಲು ಹಾಗೇ ಕಳೆದು, ವಾಪಸ್ಸು ಹೊರಡುವ ಹೊತ್ತಿಗೆ ಮತ್ತೆ ಸಿಂಗಾರವಾಗುತ್ತದೆ. ಊರಿಗೆ ಹೋಗುವಾಗ ಮಾತ್ರ ಇಸ್ತ್ರಿ ಷರಟು ಹಾಕುವ ನಮ್ಮ ಯಜಮಾನರು ನೆನಪಾದರು. ಆದರೆ ಹೊಸಬರಿಗೆ ಇದು ದೊಡ್ಡ ಮೋಸ. ಪುಸ್ತಕದಲ್ಲಿ ಮೊದಲು ಕಣ್ಣಿಗೆ ಬೀಳುವ ಚಿತ್ರ ಮದುವೆ ಉಡುಪಿನದು, ನಮ್ಮ ಕೆರೆಗೆ ಬರುವುದು ಮನೆ ಉಡುಪಿನಲ್ಲಿ. ಚಳಿಗಾಲದ ಚಿತ್ರ ಎಲ್ಲಿದೆ ಅಂತ ಮೊದಲು ಹುಡುಕಿಕೊಳ್ಳಬೇಕು.

ಹೊರಡುವಾಗ ತಲೆ ಮೇಲೆ ಸಣ್ಣ ಸಿಳ್ಳೆಗಳು ಕೇಳಿದವು. ಸಿಳ್ಳೆಬಾತುಗಳ ಹಿಂಡು. ಇವು ಮಾತ್ರ ಹೆಸರಿಗೆ ಮೋಸ ಮಾಡಲಿಲ್ಲ.

ಹತ್ತೂವರೆಗೆ ಬಿರಿಯಾನಿ ಅಂಗಡಿ ಮುಂದೆ ನಿಂತಾಗ ಹುಡುಗ ಹಂಡೆ ತೊಳೆಯುತ್ತಿದ್ದ. "ಖಾಲಿ ಅಕ್ಕ. ಇಷ್ಟೊತ್ತಿಗೆ ಬಂದ್ರೆ ಹೆಂಗೆ?" ಐದು ಗಂಟೆಗೇ ಎದ್ದು ಬಂದವರಿಗೆ ಕೇಳುವ ಮಾತೇ ಅದು? ಬನ್ನು, ಟೀ ತಗೊಂಡು ಮೆಟ್ರೊ ಹತ್ತಿದೆವು. ಹೊಸಕೋಟೆಗೆ ಹೋಗುವವರು ತಿಂದುಕೊಂಡೇ ಕೆರೆಗೆ ಹೋಗಿ.

ಮೂರನೇ ದಿನ: ಹೆಸರಘಟ್ಟ

ಎಂಟನೇ ಮೈಲಿ, ಬಾಗಲಗುಂಟೆ, ಚಿಕ್ಕಬಾಣಾವರ ದಾಟುವವರೆಗೆ ಊರೇ. ಸೋಲದೇವನಹಳ್ಳಿ ಕಳೆದ ಮೇಲೆ ಉಸಿರು ಬಿಡುವಷ್ಟು ಜಾಗ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಹೆಸರಘಟ್ಟ ಕೆರೆ ಕಟ್ಟಿ, ಸೋಲದೇವನಹಳ್ಳಿಯಿಂದ ಪಂಪು ಮಾಡಿ ಬೆಂಗಳೂರಿಗೆ ಕುಡಿಯುವ ನೀರು ತಂದಿದ್ದರು. ನಮ್ಮಜ್ಜಿ ಮಲ್ಲೇಶ್ವರದಲ್ಲಿ ನಲ್ಲಿ ನೀರು ಹಿಡಿಯುವಾಗ ಹೆಸರಘಟ್ಟದ ಹೆಸರು ಹೇಳುತ್ತಿದ್ದರು. ಆ ನೀರಿನ ಮೂಲ ನೋಡಿದ್ದು ನಾನು ಈಗಲೇ.

ಅವತ್ತು ನೀರು ಕೆರೆಯ ಒಂದು ಕಡೆಗೆ ಸರಿದಿತ್ತು. ಅಂಗಳದಲ್ಲಿ ಹುಲ್ಲು, ಅದರಾಚೆ ಕೆಸರು, ಕೆಸರಿನಾಚೆ ಅಂಗೈ ಆಳದ ನೀರು. ಗೊರವಗಳಿಗೆ ಬೇಕಾದ್ದು ಇದೇ. ತುಂಬಿದ ಕೆರೆಯಲ್ಲಿ ಬಾತು, ಇಳಿದ ಕೆರೆಯಲ್ಲಿ ಗೊರವ ಅಂತ ಪುಟ್ಟಿ ಲೆಕ್ಕ ಹೇಳಿದಳು. ಮೆಟ್ಟುಗಾಲು ಹಕ್ಕಿಗಳು ಗುಲಾಬಿ ಕಡ್ಡಿಯಂಥ ಕಾಲಿನಲ್ಲಿ ಓಡಾಡುತ್ತಿದ್ದವು. ಅವನ್ನು ನಾನೇ ಗುರುತಿಸಿದೆ. ಶಹಬ್ಬಾಸ್ ಸಿಗಲಿಲ್ಲ.

ನಾಲ್ಕು ಹೆಜ್ಜೆ ಇಟ್ಟಿದ್ದೆವೋ ಇಲ್ಲವೋ, ಟಿಟ್ಟಿಭ ಬಾಯಿ ಮಾಡಿತು. ಆಕಾಶ ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆ ಅಂತ ಅಜ್ಜಿ ಹೇಳುತ್ತಿದ್ದ ಹಕ್ಕಿ. ಆಕಾಶ ಬೀಳಲಿಲ್ಲ, ಆದರೆ ಅದರ ಕೂಗಿಗೆ ಕೆಸರಿನಲ್ಲಿದ್ದವೆಲ್ಲ ಎದ್ದು ಹೋದವು. ನಾನು ಸಪ್ಪಗಾದೆ. ಪುಟ್ಟಿ ಮಾತ್ರ ಕುಣಿದಳು. "ಹಾರಿದಾಗಲೇ ನೋಡಬೇಕು! ಬೆನ್ನ ಕೆಳಗೆ?"

ಬಿಳಿ! ಕೆಲವಕ್ಕೆ ಬಾಲದ ಬುಡದಲ್ಲಿ ಬಿಳಿ ಹೊಳೆಯಿತು. ಹಾಗಾದರೆ ಇವು ಜಕ್ಕೂರಿನವನಲ್ಲ. ಮೊದಲ ದಿನದ ಮುಕ್ಕಾಲು ಗಂಟೆ ಯಾಕೆ ಅಂತ ಆಗ ಗೊತ್ತಾಯಿತು. ಒಂದು ಹಕ್ಕಿ ಪೂರ್ತಿ ಗೊತ್ತಿದ್ದರೆ ಅದೇ ಸೇರು, ಉಳಿದದ್ದನ್ನೆಲ್ಲ ಅದರಲ್ಲಿ ಅಳೆಯಬಹುದು. ಅವು ಮತ್ತೆ ಇಳಿದ ಮೇಲೆ ಒಂದೊಂದಾಗಿ ಅಳೆದೆವು. ಅದಕ್ಕಿಂತ ಕಾಲು ಉದ್ದ, ಹಳದಿ ಛಾಯೆ, ಬೆನ್ನ ಮೇಲೆ ರವೆ ಚೆಲ್ಲಿದಂತೆ ಚುಕ್ಕಿ, ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗಿದೆ: ವುಡ್ ಸ್ಯಾಂಡ್‌ಪೈಪರ್. ಕಾಲುವೆ ಪಕ್ಕ ಒಂಟಿಯಾಗಿ, ಬೆನ್ನು ಇನ್ನೂ ಕಪ್ಪು, ಹುಬ್ಬು ಕಣ್ಣಿನ ಮುಂದಕ್ಕಷ್ಟೇ: ಗ್ರೀನ್ ಸ್ಯಾಂಡ್‌ಪೈಪರ್. ಹಾರಿದಾಗ ಅದರ ರೆಕ್ಕೆಯ ಅಡಿ ಕಪ್ಪು, ವುಡ್‌ನದು ತಿಳಿ ಬಣ್ಣ. ಹೆಸರು ಗ್ರೀನ್, ಮೈಮೇಲೆ ಹಸಿರು ಹುಡುಕಿದರೆ ಕಾಲಿನಲ್ಲಿ ಸ್ವಲ್ಪ ಸಿಕ್ಕೀತು. ಗುಬ್ಬಿಯಷ್ಟೇ ಇದ್ದು, ಕೆಸರನ್ನು ಮಿಷನ್ನಿನ ಹಾಗೆ ಕುಟ್ಟುವ ಕರಿಗಾಲಿನವು ಲಿಟಲ್ ಸ್ಟಿಂಟ್. ಗ್ರೀನ್‌ಶ್ಯಾಂಕ್ ಮತ್ತು ಮಾರ್ಷ್ ಸ್ಯಾಂಡ್‌ಪೈಪರ್ ನನಗೆ ಕೊನೆಗೂ ಬಗೆಹರಿಯಲಿಲ್ಲ. ಒಂದರ ಕೊಕ್ಕು ದಪ್ಪ, ತುಸು ಮೇಲಕ್ಕೆ ಬಾಗಿದ್ದು. ಇನ್ನೊಂದರದು ನೇರ, ಸೂಜಿ. ಅಕ್ಕಪಕ್ಕ ನಿಂತರೆ ಸರಿ. ಒಂದೇ ನಿಂತರೆ ದಪ್ಪ ಯಾವುದು, ಸಣ್ಣ ಯಾವುದು? ಗ್ರೀನ್‌ಶ್ಯಾಂಕ್ ಹಾರುವಾಗ ಮೂರು ಸಲ "ಟ್ಯೂ ಟ್ಯೂ ಟ್ಯೂ" ಅಂದದ್ದರಿಂದ ಬಚಾವಾದೆ.

ಹಸು ಮೇಯಿಸುತ್ತಿದ್ದ ಒಬ್ಬ ಅಜ್ಜ ದೂರದಿಂದಲೇ ಕೂಗಿದರು. "ಅಮ್ಮಾ, ಆ ಕಡೀಕೆ ಹೋಗ್ಬ್ಯಾಡ್ರಿ, ಹೂತ್ಕೊಂತೀರ!" ನಾನು ಆಗಲೇ ಹೂತುಕೊಂಡಿದ್ದೆ. ಎಡಗಾಲು ಮೊಳಕಾಲಿನವರೆಗೆ ಒಳಗೆ. ಎಳೆದೆ. ಕಾಲು ಬಂತು, ಶೂ ಬರಲಿಲ್ಲ. ಅಜ್ಜ ಬಂದು ದೊಣ್ಣೆ ಚಾಚಿ ನನ್ನನ್ನು ದಡ ಹತ್ತಿಸಿ, ಅದೇ ದೊಣ್ಣೆಯಲ್ಲಿ ಶೂವನ್ನೂ ಕೆದಕಿ ತೆಗೆದರು. ಅವರು ಕೆದಕುತ್ತಿದ್ದಾಗ ಎರಡು ಮಾರು ದೂರದ ಹುಲ್ಲಿನಿಂದ ಏನೋ "ಸ್ಕ್ರೇಪ್" ಅಂತ ಬಟ್ಟೆ ಹರಿದ ಸದ್ದು ಮಾಡಿ ಎದ್ದು, ಆಕಡೆ ಈಕಡೆ ವಾಲುತ್ತಾ ಹಾರಿಹೋಯಿತು. ಅದು ಸ್ನೈಪ್, ಉಲ್ಲಂಕಿ. "ಅದು ಹಂಗೇ, ಕಾಲಡಿಗೆ ಬರೋಗಂಟ ಏಳಾಕಿಲ್ಲ" ಅಂದರು ಅಜ್ಜ. ಕೂತಿದ್ದನ್ನು ನಾನು ನೋಡಲೇ ಇಲ್ಲ. ಪುಟ್ಟಿಯೂ ನೋಡಿರಲಿಲ್ಲ. ಅದು ನನಗೆ ಸ್ವಲ್ಪ ಸಮಾಧಾನ ಕೊಟ್ಟಿತು.

ಕೆಸರಿನ ಕಾಲಲ್ಲಿ ರಸ್ತೆಗೆ ಬಂದಾಗ ಜೀಪಿನಲ್ಲಿ ನಾಲ್ಕೈದು ಫೋಟೊಗ್ರಾಫರುಗಳು. ಒಬ್ಬೊಬ್ಬರ ಲೆನ್ಸೂ ಸೋರೆಕಾಯಿಗಿಂತ ಉದ್ದ. ಹುಲ್ಲುಗಾವಲಿನ ಹದ್ದು ಗಿಡುಗ ಹುಡುಕಿಕೊಂಡು ಬಂದವರು. "ಏನಾದ್ರೂ ಸಿಕ್ತಾ ಮೇಡಂ?" ಅಂದರು. "ಗ್ರೀನ್ ಸ್ಯಾಂಡ್‌ಪೈಪರ್" ಅಂದೆ, ಎದೆಯುಬ್ಬಿಸಿಕೊಂಡು. "ಓ... ಹಾಂ" ಅಂತ ಗಾಜು ಏರಿಸಿಕೊಂಡು ಹೋದರು.

ಹೆಸರಘಟ್ಟದ ಸಣ್ಣ ಹೋಟೆಲಿನಲ್ಲಿ ತಟ್ಟೆ ಇಡ್ಲಿಗೆ ಬೆಣ್ಣೆ ಹಾಕಿಸಿಕೊಂಡೆವು. ಒಂದು ಕಾಲಿಗೆ ಮಾತ್ರ ಶೂ ಹಾಕಿದ್ದನ್ನು ನೋಡಿ ಸಪ್ಲೈಯರ್ ಏನೂ ಕೇಳಲಿಲ್ಲ. ಒಂದು ಬಕೆಟ್ ನೀರು ತಂದಿಟ್ಟ.

ರಜೆ ಮುಗಿದು ಸೋಮವಾರ

ಆಫೀಸಿಗೆ ಹೋಗುವ ದಾರಿಯಲ್ಲಿ ರಾಜಕಾಲುವೆಯ ಸೇತುವೆ ದಾಟಬೇಕು. ಹದಿನಾಲ್ಕು ವರ್ಷದಿಂದ ಮೂಗು ಮುಚ್ಚಿಕೊಂಡೇ ದಾಟಿದ್ದೇನೆ. ಅವತ್ತು ಸಿಗ್ನಲ್ ಬಿದ್ದು ಸೇತುವೆ ಮೇಲೇ ನಿಂತೆ. ಕೆಳಗೆ ಕಪ್ಪು ನೀರು, ಪ್ಲಾಸ್ಟಿಕ್, ಕಾಂಕ್ರೀಟಿನ ಮುರುಕು. ಆ ಮುರುಕು ಅಲ್ಲಾಡಿತು. ಹೊಲಿಗೆ ಮಿಷನ್ನಿನ ಪೆಡಲ್. ತೋಳಿಲ್ಲದ ಬನಿಯನ್.

ಸ್ಕೂಟರ್ ಪಕ್ಕಕ್ಕೆ ಹಾಕಿ ಕಂಬಿಗೆ ಬಾಗಿ ನೋಡಿದೆ. ಹಿಂದಿನಿಂದ ಒಬ್ಬರು ಬೈಕ್ ನಿಲ್ಲಿಸಿದರು. "ಏನ್ ಮೇಡಂ, ಮೊಬೈಲ್ ಬಿತ್ತಾ?"

"ಇಲ್ಲ, ಹಕ್ಕಿ."

ಅವರೂ ಬಾಗಿದರು. ಸ್ವಲ್ಪ ಹೊತ್ತು ಹುಡುಕಿದರು. "ಎಲ್ಲಿದೆ? ಬರೀ ಕಲ್ಲು."

"ಕಲ್ಲನ್ನೇ ನೋಡ್ತಾ ಇರಿ" ಅಂದೆ.